ಸಡಿಲ ತಿರುಪು

ಅಮ್ಮತ್ತಿಯ ಸಂತೆ ಕರಗಿದ ಸಂಜೆ
ಗೋಣಿಚೀಲದಲ್ಲಿ ಸುತ್ತಿ ತಂದರು ಪಳಂಗಪ್ಪ.
ಚೀಲ ಮೇಜು ಮುಟ್ಟುವ ಮೊದಲೇ ಅಂದೆ:
ಪಂಪ್ ಕೋವಿ. ಹಿಡಿ ಸಡಿಲ.
ಚಿಲ್ಲರೆ ತುಂಬಿದ ಡಬ್ಬಿಯ ಹಾಗೆ
ಹೊತ್ತವರ ಹೆಜ್ಜೆ ಹೆಜ್ಜೆಗೂ ಗಲಗಲ.

"ಇದರ ಬಾಯಿ ಮುಚ್ಚಿಸು ತಮ್ಮಯ್ಯ.
ಗುಂಡಿನ ಸದ್ದಲ್ಲ, ಅದು ಇರಲಿ,
ಎತ್ತುವಾಗ ಇಳಿಸುವಾಗಿನ ಈ ಹರಟೆ."

ಯಾಕೆಂದು ಕೇಳುವುದು ನನ್ನ ಕಸುಬಲ್ಲ.
ಬೇಟೆಗೆ ಕಾನೂನು ಬಂದು
ನನ್ನ ಮೀಸೆಗಿಂತ ಹೆಚ್ಚು ವಯಸ್ಸಾಯಿತು.
ಅವರೇ ಹೇಳಿದರು, ಚಹಾ ಆರುವವರೆಗೆ:

ಬಿದ್ದಪ್ಪಣ್ಣ ಮಲಗಿ ನಾಲ್ಕು ತಿಂಗಳು.
ಕೋವಿ ಇರುವುದು ಆ ಕೋಣೆಯ ಆಚೆಗಿನ ಗೋಡೆಗೆ.
ಕೈಲ್ ಪೊಳ್ದ್ ಹತ್ತಿರ, ಎಣ್ಣೆ ಹಾಕಲೆಂದು ಇಳಿಸಿದರೆ
ಒಳಗಿನಿಂದ ದನಿ:
"ಈಗಲೇ ಏಕೋ? ಇನ್ನೂ ಉಸಿರಿದೆಯಲ್ಲ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.
ಹುಟ್ಟಿಗೆ ಒಂದು, ಸಾವಿಗೆ ಎರಡು,
ಗುಡ್ಡದಿಂದ ಗುಡ್ಡಕ್ಕೆ ದಾಟುವ ಸುದ್ದಿ.

"ದೊರೆ ತೋಟ ಮಾರಿ ಹಡಗು ಹತ್ತುವಾಗ
ಅಪ್ಪನ ತಲೆಗೆ ಕಟ್ಟಿದ ದರಿದ್ರ ಇದು.
ಅಣ್ಣನನ್ನು ಕರೆದುಕೊಂಡು ನಸುಕಿಗೆ ಹೋಗಿ ಕೂತರೆ
ಬಿದಿರುಮೆಳೆಯಿಂದ ಕಾಡುಕೋಳಿ ಕತ್ತು ಚಾಚುವುದೂ
ಇದು ಗಲಗಲ ಎನ್ನುವುದೂ ಒಟ್ಟಿಗೇ.
ಒಂದು ಪುಕ್ಕ ತಂದವನಲ್ಲ ಅವನು.
ಅಪ್ಪ ಸಾಯುವವರೆಗೂ ದೊರೆಯನ್ನು ಬೈದರು."

ರಾತ್ರಿ ಬಿಚ್ಚಿದೆ.
ಹೆಗಲಪಟ್ಟಿಯ ಕೊಂಡಿಗೆ ಸೈಕಲ್ ಟ್ಯೂಬಿನ ತುಂಡು.
ಸರಳುಗಳಿಗೆ ಒಂದಿಷ್ಟು ಜೇನುಮೇಣ.
ಹಿಡಿಯ ಒಳಹೊಟ್ಟೆಗೆ ಹಳೇ ಕಂಬಳಿಯ ಎರಡು ಪಟ್ಟಿ.
ಕಂಬಳಿ ದಪ್ಪವಾದರೆ ಪಂಪು ಅರ್ಧಕ್ಕೇ ಮುನಿಯುತ್ತದೆ,
ತೆಳುವಾದರೆ ಮತ್ತೆ ಹರಟೆ.
ಮೂರು ಸಲ ಕತ್ತರಿಸಿದೆ, ಮೂರು ಸಲ ಶಪಿಸಿದೆ.

ಕೊನೆಗೆ ತುದಿಯ ತಿರುಪು.
ಸವೆದು ಸಡಿಲಾದದ್ದಲ್ಲ ಅದು.
ಸವೆತ ನನಗೆ ಗೊತ್ತು, ಅದಕ್ಕೆ ಅವಸರವಿಲ್ಲ,
ಅದು ಎಲ್ಲ ಕಡೆಯಿಂದಲೂ ತಿನ್ನುತ್ತದೆ.
ಇಲ್ಲಿ ಸೀಳಿನ ಅಂಚಿಗೆ ನಾಣ್ಯದ ಗೀರು,
ಒಂದರ ಮೇಲೊಂದು, ಹಳೆಯವು,
ಎಲ್ಲವೂ ಬಿಚ್ಚುವ ದಿಕ್ಕಿಗೆ.

ಬಲ್ಬಿನ ಕೆಳಗೆ ತುಂಬ ಹೊತ್ತು ಕೂತೆ.
ಹದಿನೆಂಟರ ಹುಡುಗ, ಜೇಬಿನಲ್ಲಿ ಎಂಟಾಣೆ,
ಬೆನ್ನ ಹಿಂದೆ ಉಸಿರು ಹಿಡಿದ ಅಪ್ಪ,
ಎದುರಿಗೆ, ಎಲೆಗಳ ನಡುವೆ,
ಕೆಂಪು ಜುಟ್ಟು.

ಬಿಗಿದೆ. ಬಿಗಿಯುವುದಕ್ಕೆ ತಾನೇ ದುಡ್ಡು.
ಅಲುಗಿಸಿ ನೋಡಿದೆ:
ಬೆಕ್ಕು ಮಡಿಲಿಂದ ಇಳಿದಷ್ಟೂ ಸದ್ದಿಲ್ಲ.

ಒಂಬತ್ತನೇ ದಿನ ಮತ್ತೆ ಬಂದರು.
ಚೀಲ ಸುಮ್ಮನಿತ್ತು, ಪಳಂಗಪ್ಪ ಸುಮ್ಮನಿರಲಿಲ್ಲ.
"ಈಗ ರಾತ್ರಿಯಿಡೀ ಒಂದೇ ಕೂಗು,
ಕೋವಿ ಗೋಡೆಯಲ್ಲಿದೆಯಾ, ಇಳಿಸಿದಿರಾ?
ಸದ್ದಿದ್ದರೆ ಗೊತ್ತಾಗುತ್ತಿತ್ತಂತೆ.
ನಿನಗೊಂದು ಮಾತು ಬೇರೆ ಹೇಳಿ ಕಳಿಸಿದ್ದಾನೆ,
ಬಿಗಿದವನಿಗೆ ತಿಳಿದಿರಬೇಕು, ಅಂತ.
ಏನದು?"

"ತಿಳಿಯಿತು ಅಂತ ಹೇಳಿ," ಅಂದೆ.

ಕಂಬಳಿ ಕಿತ್ತೆ.
ಎಂಟಾಣೆ ಈಗ ಎಲ್ಲಿ ಸಿಗುತ್ತದೆ,
ಎರಡು ರೂಪಾಯಿ ಸೀಳಿಗೆ ದಪ್ಪ;
ಹೆಂಡತಿಯ ಸಾಸಿವೆ ಡಬ್ಬಿಯಲ್ಲಿ ಕಪ್ಪಾದದ್ದೊಂದು ಇತ್ತು.
ಮುಕ್ಕಾಲು ಸುತ್ತು, ಹಿಂದಕ್ಕೆ.

ಹಬ್ಬ ಆಯಿತು. ಕೋವಿಗಳಿಗೆ ಸಿಕ್ಕಿಸಿದ
ತೋಕ್ ಪೂ ಬಾಡಿ ಅಂಗಳಕ್ಕೆ ಬಿದ್ದವು.
ನಿನ್ನೆ ಬೆಳಿಗ್ಗೆ, ಮಂಜಿನಲ್ಲಿ,
ಆ ಗುಡ್ಡದ ಕಡೆಯಿಂದ ಒಂದು ಗುಂಡು.

ಹಲ್ಲುಜ್ಜುವ ಕೈ ನಿಂತಿತು.
ಅದು ಯಾರದೋ ತೊಟ್ಟಿಲೂ ಇರಬಹುದು.
ಎರಡನೆಯದಕ್ಕೆ ಮುಂಚೆ
ಪಂಪು ಎಳೆಯಬೇಕು, ಆಗ ಅದು ಗಲಗಲ ಎನ್ನಬೇಕು.
ಎರಡು ಮೈಲಿ ಆಚೆಗೆ ಅದು ಕೇಳುವುದಿಲ್ಲ, ಗೊತ್ತು.

ಬಾಯಲ್ಲಿ ನೊರೆ ತುಂಬಿಕೊಂಡು
ಕೇಳಿಸಿಕೊಳ್ಳುತ್ತ ನಿಂತೆ.